ಲ್ಯಾಂಡ್‌ಲೈನಿನಲ್ಲಿ ವಾಲಿವಧೆ: ಕೂಟ ನಿಂತ ಕಾಲದಲ್ಲಿ ನಾವು ಮಾಡಿದ್ದು

ನಮ್ಮದು ವಿಟ್ಲದ ಆಚೆ, ಕೇರಳದ ಗಡಿಗೆ ತಾಗಿಕೊಂಡ ಊರಿನ ಸಣ್ಣ ತಾಳಮದ್ದಳೆ ಸಂಘ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ದೇವಸ್ಥಾನದ ಸಭಾಭವನದಲ್ಲಿ ವಾರಕ್ಕೊಂದು ಕೂಟ. ಪಾತ್ರವಾಗಿ ಮಾತಾಡುವವರಿಗೆ ಅರ್ಥಧಾರಿ ಅನ್ನುತ್ತೇವೆ, ಆ ಮಾತಿಗೆ ಅರ್ಥ. ದೊಡ್ಡ ಹೆಸರಿನ ಅರ್ಥಧಾರಿಗಳು ಬರುವುದು ವಾರ್ಷಿಕೋತ್ಸವಕ್ಕೆ ಮಾತ್ರ. ಉಳಿದ ದಿನ ಅರ್ಥ ಹೇಳುವವರೂ ನಾವೇ, ಕೇಳುವವರೂ ನಾವೇ. ಅಡಿಕೆ ಕೃಷಿಕರು, ನಿವೃತ್ತ ಮಾಸ್ಟ್ರುಗಳು, ಪೇಟೆಯಲ್ಲಿ ಅಂಗಡಿ ಇಟ್ಟವರು. ಸಂಬಳದ ಜನ ಅಂತ ಯಾರೂ ಇಲ್ಲ. ಜಮಖಾನ ಹಾಸುವುದರಿಂದ ಚಹಾ ಕಾಸುವವರೆಗೆ ಏಳೆಂಟು ಜನ ಓಡಾಡುತ್ತೇವೆ.

2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಇನ್ನೂ ಎರಡು ತಿಂಗಳಿರುವಾಗಲೇ ಮೇಳಗಳು ಗೆಜ್ಜೆ ಬಿಚ್ಚಿದವು. ನಮಗೆ ಇನ್ನೊಂದು ತಾಪತ್ರಯ ಇತ್ತು. ಸಂಘದವರಲ್ಲಿ ತುಂಬಾ ಜನ ಸಾರಡ್ಕದಿಂದ ಆಚೆ, ಪೆರ್ಲ, ಬದಿಯಡ್ಕದ ಕಡೆಯವರು. ಲೆಕ್ಕಕ್ಕೆ ಅದು ಕಾಸರಗೋಡು ಜಿಲ್ಲೆ, ಕೇರಳ. ಆದರೆ ಕೂಟ, ನೆಂಟಸ್ತಿಕೆ, ಆಸ್ಪತ್ರೆ ಎಲ್ಲ ಈಚೆ. ಗಡಿ ಮುಚ್ಚಿತು, ಕೆಲವು ರಸ್ತೆಗಳಿಗೆ ಮಣ್ಣನ್ನೇ ಸುರಿದರು. ಪದ್ಯ ಹಾಡುವ ನಮ್ಮ ಭಾಗವತರು ಆಚೆ ಉಳಿದರು, ಮದ್ದಳೆಯವರು ಈಚೆ.

ಮೊದಲು ನಾವು ಪ್ರಸಂಗದ, ಅಂದರೆ ಕೂಟಕ್ಕೆ ಆರಿಸುವ ಕಥೆಯ, ಸುದ್ದಿಗೇ ಹೋಗಲಿಲ್ಲ. ಸದಸ್ಯರ ಪಟ್ಟಿ ತೆಗೆದು ಹೆಸರು ಹಂಚಿಕೊಂಡೆವು. ಯಾರಿಗೆ ಯಾರ ಜೊತೆ ಸಲಿಗೆ ಜಾಸ್ತಿ ಅಂತ ನೋಡಿಯೇ ಹಂಚಬೇಕು. ಪರಿಚಯ ಇಲ್ಲದ ಹುಡುಗ ಫೋನ್ ಮಾಡಿ ಹೇಗಿದ್ದೀರಿ ಅಂದರೆ, ಆರಾಮ ಅಂತ ಹೇಳಿ ಇಟ್ಟುಬಿಡುತ್ತಾರೆ. "ಮಾವ, ಬಿಪಿ ಮಾತ್ರೆ ಉಂಟಾ, ಎಷ್ಟು ಉಳಿದಿದೆ ಎಣಿಸಿ ನೋಡಿ" ಅನ್ನುವವನಿಗೆ ಮಾತ್ರ ಸತ್ಯ ಸಿಗುತ್ತದೆ. ಈಚೆಯವರ ಮಾತ್ರೆಯನ್ನು ಪುತ್ತೂರಿನಿಂದ ತರಿಸಿ ಹಾಲಿನ ಸೊಸೈಟಿಯಲ್ಲಿ ಇಡುತ್ತಿದ್ದೆವು. ಬೆಳಿಗ್ಗೆ ಹಾಲು ಹಾಕಲು ಬಂದವರ ಕೈಯಲ್ಲಿ ಅದು ಮನೆ ಸೇರುತ್ತಿತ್ತು.

ಹಾಗೆ ಫೋನ್ ಮಾಡುವಾಗ ನಮ್ಮ ಒಬ್ಬ ಹಿರಿಯ ಮಾಸ್ಟ್ರು ರೇಗಿದರು. "ಮಾತ್ರೆ ಎಲ್ಲ ಉಂಟು ಮಾರಾಯ. ಕಿವಿಗೆ ಎಂತ ಉಂಟು ಹೇಳು!"

ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ ಅಲ್ವಾ, ಲಿಂಕ್ ಕಳಿಸಿದರಾಯಿತು ಅಂತ ನಮ್ಮಲ್ಲೇ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಅಲ್ಲಿ ಒಳ್ಳೆಯ ಅರ್ಥ ಸಿಗುತ್ತದೆ, ನಿಜ. ಆದರೆ ನಮ್ಮ ಕೂಟಕ್ಕೆ ಬರುವವರು ಒಳ್ಳೆಯ ಅರ್ಥಕ್ಕಾಗಿಯೇ ಬರುತ್ತಿದ್ದರು ಅಂತ ಹೇಳಿದರೆ ನಾವೇ ನಗಬೇಕು. ಪಕ್ಕದ ಮನೆಯವನು ಕರ್ಣನಾಗಿ ಎಲ್ಲಿ ತಡವರಿಸುತ್ತಾನೆ ಅಂತ ಕಾಯುವುದರಲ್ಲಿ ಒಂದು ಸುಖ ಇದೆ.

ಝೂಮಿನಲ್ಲಿ ಹಿಮ್ಮೇಳ (ಹಾಡು, ವಾದ್ಯ) ಸಮೇತ ಶುರು ಮಾಡಿದೆವು. ಆಗಲಿಲ್ಲ. ಭಾಗವತರ ದನಿ ಮದ್ದಳೆಯವರಿಗೆ ಚೂರು ತಡವಾಗಿ ಕೇಳುತ್ತದೆ. ಅವರ ಪೆಟ್ಟು ಭಾಗವತರಿಗೆ ವಾಪಸ್ ಬರುವಾಗ ತಡ ಇಮ್ಮಡಿಯಾಗಿರುತ್ತದೆ. ಒಬ್ಬರಿಗೊಬ್ಬರು ಕಾಯುತ್ತಾ ಹೋಗಿ ಲಯ ಕುಸಿಯುತ್ತದೆ. ಇನ್ನು ಶ್ರುತಿ: ಒಂದೇ ಸಮನೆ ಬರುವ ಸದ್ದನ್ನು ಆ ಆ್ಯಪ್ ಫ್ಯಾನಿನ ಗದ್ದಲ ಅಂತ ತಿಳಿದು ನುಂಗಿಬಿಡುತ್ತದೆ. ಸೆಟ್ಟಿಂಗ್ಸಿನಲ್ಲಿ 'ಒರಿಜಿನಲ್ ಸೌಂಡ್' ಹಾಕಿದರೆ ಶ್ರುತಿ ಉಳಿಯುತ್ತದೆ, ಲಯ ಮಾತ್ರ ಸರಿಯಾಗದು. ಮೇಲಿಂದ 40 ನಿಮಿಷಕ್ಕೆ ಪುಕ್ಕಟೆ ಮೀಟಿಂಗ್ ಕಟ್. ನಮ್ಮಲ್ಲಿ ಕೆಲವರ ಪೀಠಿಕೆಯೇ ಅಷ್ಟಿರುತ್ತದೆ.

ಆದರೆ ಅರ್ಥಗಾರಿಕೆಗೆ ಲಯದ ಹಂಗಿಲ್ಲ. ಒಬ್ಬ ಹೇಳಿ ಮುಗಿಸುತ್ತಾನೆ, ಇನ್ನೊಬ್ಬ ಉತ್ತರ ಕೊಡುತ್ತಾನೆ. ಅರೆ ಸೆಕೆಂಡ್ ತಡವಾದರೆ ಏನೂ ಹೋಗುವುದಿಲ್ಲ. ಹಾಗಾಗಿ ಭಾಗವತರು ಮನೆಯಲ್ಲೇ ಪದ್ಯ ಹಾಡಿ ವಾಟ್ಸ್ಆ್ಯಪಿನಲ್ಲಿ ಕಳಿಸಿದರು. ಮದ್ದಳೆಯವರು ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತಾ ನುಡಿಸಿ ರೆಕಾರ್ಡ್ ಮಾಡಿದರು. ಒಬ್ಬ ಹುಡುಗ ಎರಡನ್ನೂ ಜೋಡಿಸಿದ. ಅರ್ಥಧಾರಿ ಮುಂದಿನ ಪದ್ಯದ ಸುಳಿವು ಕೊಟ್ಟ ಕೂಡಲೇ ಬಟನ್ ಒತ್ತುವುದು ನನ್ನ ಕೆಲಸ.

ಪ್ರಸಂಗವನ್ನೂ ನೋಡಿ ಆರಿಸಬೇಕು. ಸಭೆಯ ಸನ್ನಿವೇಶ ಫೋನಿಗೆ ಹೇಳಿಸಿದ್ದಲ್ಲ. ಐದು ಜನ ಮಾತಾಡಿದರೆ ಯಾರು ದುರ್ಯೋಧನ, ಯಾರು ವಿದುರ ಅಂತ ಗೊತ್ತೇ ಆಗುವುದಿಲ್ಲ. ಇಬ್ಬರ ಸಂವಾದವೇ ಗಟ್ಟಿ ಇರುವ ವಾಲಿವಧೆ, ಸುಧನ್ವಾರ್ಜುನ ಇಂಥವು ಚೆನ್ನಾಗಿ ಬಂದವು. ಎಲ್ಲರ ಮೈಕ್ ಮುಚ್ಚಿಸಿದರೆ ಅರ್ಥಧಾರಿಗೆ ಗೋಡೆಗೆ ಹೇಳಿದ ಹಾಗಾಗುತ್ತದೆ. ಎಲ್ಲರದ್ದೂ ಬಿಟ್ಟರೆ ಒಬ್ಬರ 'ಹೂಂ' ಇನ್ನೊಬ್ಬರ ಮಾತನ್ನು ಕತ್ತರಿಸುತ್ತದೆ. ಕೊನೆಗೆ ಎದುರು ಪಾತ್ರದವರ ಮೈಕ್ ಮಾತ್ರ ತೆರೆದಿಟ್ಟೆವು. ಹೂಂಗುಟ್ಟುವ ಹೊಣೆ ಅವರದ್ದೇ.

ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ನಮ್ಮ ಕಡೆ ಇನ್ನೂ ಬಿಎಸ್ಸೆನ್ನೆಲ್ ಲ್ಯಾಂಡ್‌ಲೈನ್ ಉಂಟು. ಅವರಿಗಾಗಿ 'ಲೈನ್ ಹಿಡಿಯುವುದು' ಅಂತ ಒಂದು ಪಾಳಿ ಮಾಡಿಕೊಂಡೆವು. ಒಂದು ಮೊಬೈಲಿನಲ್ಲಿ ಕೂಟ, ಸ್ಪೀಕರ್ ಹಾಕಿ. ಇನ್ನೊಂದರಲ್ಲಿ ನಾಲ್ಕೈದು ಲ್ಯಾಂಡ್‌ಲೈನ್‌ಗಳ ಕಾನ್ಫರೆನ್ಸ್ ಕಾಲ್. ಎರಡನ್ನೂ ಮಡಚಿದ ಬೈರಾಸಿನ (ಟವೆಲಿನ) ಮೇಲೆ ಎದುರುಬದುರು ಇಡುವುದು. ಎರಡನೆಯದರ ಸ್ಪೀಕರ್ ಹಾಕಬಾರದು, ಹಾಕಿದರೆ ಕೂಂಯ್ ಅನ್ನುತ್ತದೆ. ಲೈನ್ ಹಿಡಿದವರು ಎರಡು ಗಂಟೆ ಕೆಮ್ಮುವ ಹಾಗಿಲ್ಲ. ಇದು ಎಲ್ಲಕ್ಕಿಂತ ಬೇಸರದ ಕೆಲಸ, ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಮಳೆಗಾಲ ಬಂತು. ಕರೆಂಟ್ ಹೋದರೆ ಟವರೂ ಹೋಗುತ್ತದೆ. ವಾಲಿವಧೆಯ ನಡುವೆಯೇ ಒಮ್ಮೆ ರಾಮನ ಲೈನ್ ಕಡಿಯಿತು. ವಾಲಿ ಬಿಡಲಿಲ್ಲ. "ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟವನೇ, ಈಗ ಉತ್ತರ ಕೊಡುವುದಕ್ಕೂ ಮರೆಗೆ ಹೋದೆಯಾ?" ಅಂತ ಎತ್ತಿಕೊಂಡು, ರಾಮ ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕುವವರೆಗೆ ಧರ್ಮದ ಪ್ರಶ್ನೆ ಹಾಕುತ್ತಲೇ ಇದ್ದರು. ಅಂಥದ್ದು ಸಭಾಭವನದಲ್ಲಿ ಹುಟ್ಟುತ್ತಿರಲಿಲ್ಲ. ಆಮೇಲೆ ಅದನ್ನೇ ನಿಯಮ ಮಾಡಿದೆವು: ಲೈನ್ ಕಡಿದರೆ ಎದುರಿನವರು ಮಾತು ನಿಲ್ಲಿಸಬಾರದು.

ಗಡಿ ಸಡಿಲವಾದ ಮೇಲೆ ಹಿಮ್ಮೇಳದವರು ಒಂದೇ ಮನೆಯ ಜಗಲಿಯಲ್ಲಿ ದೂರ ದೂರ ಕೂತರು. ರೆಕಾರ್ಡಿಂಗ್ ಬಿಟ್ಟೆವು. ಸಭಾಭವನದ ಬಾಗಿಲು ತೆರೆದದ್ದು ಅದಕ್ಕೂ ಎಷ್ಟೋ ತಿಂಗಳ ನಂತರ.

ಲೈನ್ ಹಿಡಿಯುವ ಪಾಳಿ ಈಗಲೂ ನಿಂತಿಲ್ಲ. ಮೊಣಕಾಲು ನೋವಿನವರು, ಆಚೆ ಊರಿನವರು ಮನೆಯಲ್ಲೇ ಕೇಳುತ್ತಾರೆ. ಮಾಡಹೊರಟವರಿಗೆ ಒಂದು ಮಾತು: ಫೋನನ್ನು ಚೆಂಡೆಯಿಂದ ದೂರ, ಅರ್ಥಧಾರಿಗಳ ಸಾಲಿನ ತುದಿಯಲ್ಲಿಡಿ, ಇಲ್ಲದಿದ್ದರೆ ಒಡೆದು ಕೇಳುತ್ತದೆ. ಮಂಗಳದ ಪದ್ಯ ಆದ ಕೂಡಲೇ ಕಟ್ ಮಾಡಬೇಡಿ. ನಮ್ಮ ಮಾಸ್ಟ್ರ ಅಪ್ಪಣೆ ಹಾಗೆ. ಕರ್ಣ ಎಲ್ಲಿ ತಡವರಿಸಿದ ಅಂತ ಅವರಿಗೆ ಆಮೇಲೆ ಹೇಳಲಿಕ್ಕಿರುತ್ತದೆ.