ಕೈಯಿಂದ ತಿರುಗಿಸುವ, ಬಿಸಿಲಿನಲ್ಲಿ ಚಾರ್ಜ್ ಆಗುವ ತುರ್ತು ರೇಡಿಯೊ: ನಮ್ಮ ಮಳೆಗಾಲಕ್ಕೆ ತಕ್ಕದ್ದನ್ನು ಆರಿಸಿಕೊಳ್ಳುವ ಬಗೆ

ತುರ್ತು ಸಮಯಕ್ಕೆಂದು ಮಾರುವ ರೇಡಿಯೊಗಳು ನೋಡಲು ಹೆಚ್ಚುಕಡಿಮೆ ಒಂದೇ ಬಗೆಯಾಗಿರುತ್ತವೆ: ಮೇಲೆ ಅಂಗೈಯಗಲದ ಸೋಲಾರ್ ಫಲಕ, ಹಿಂದೆ ಮಡಚಿಟ್ಟ ತಿರುಗಿಸುವ ಹಿಡಿ, ಪಕ್ಕದಲ್ಲೊಂದು ಟಾರ್ಚ್, ಒಳಗೆ ಚಾರ್ಜ್ ಆಗುವ ಬ್ಯಾಟರಿ. ಬೆಲೆಯಲ್ಲಿಯೂ ಗುಣದಲ್ಲಿಯೂ ಇವುಗಳ ನಡುವೆ ಬಹಳ ಅಂತರವಿದ್ದು, ಪೆಟ್ಟಿಗೆಯ ಮೇಲಿನ ಚಿತ್ರದಿಂದ ಅದು ತಿಳಿಯುವುದಿಲ್ಲ. ಹಾಗಾಗಿ ನಮ್ಮ ಊರಿಗೆ ಆಪತ್ತು ಯಾವ ಕಾಲದಲ್ಲಿ ಬರುತ್ತದೆ ಎಂಬುದನ್ನು ಮೊದಲು ಯೋಚಿಸಬೇಕು. ಕೊಡಗಿನ ಜೋಡುಪಾಲ, ಮಕ್ಕಂದೂರಿನ ಸುತ್ತಮುತ್ತ ಗುಡ್ಡ ಕುಸಿದದ್ದು 2018ರ ಆಗಸ್ಟ್‌ನಲ್ಲಿ. ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ಮುಳುಗಿದ್ದು 2019ರ ಆಗಸ್ಟ್‌ನಲ್ಲಿ. ಮಲೆನಾಡಿನಲ್ಲಿ ಮರ ಬಿದ್ದು ಕಂಬ ಮುರಿದು ದಿನಗಟ್ಟಲೆ ಕರೆಂಟು ಇಲ್ಲದಿರುವುದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿಯೇ. ಅಂದರೆ, ರೇಡಿಯೊ ನಿಜವಾಗಿ ಬೇಕಾಗುವ ದಿನಗಳಲ್ಲಿಯೇ ಬಿಸಿಲು ಇರುವುದಿಲ್ಲ. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಆಯ್ಕೆಯ ಕ್ರಮವೇ ಬದಲಾಗುತ್ತದೆ: ಮೊದಲು ನಿಲಯ ಸ್ಪಷ್ಟವಾಗಿ ಕೇಳಿಸಬೇಕು, ಎರಡನೆಯದಾಗಿ ಒಳಗಿನ ಬ್ಯಾಟರಿ ಮತ್ತು ಹೊರಗಿನಿಂದ ಹಾಕುವ ಸೆಲ್‌ಗಳ ವ್ಯವಸ್ಥೆ ಚೆನ್ನಾಗಿರಬೇಕು, ಅನಂತರ ಹಿಡಿ, ಎಲ್ಲಕ್ಕಿಂತ ಕೊನೆಗೆ ಸೋಲಾರ್ ಫಲಕ.

ಮೊಬೈಲ್ ಇರುವಾಗ ರೇಡಿಯೊ ಏಕೆ ಎಂಬ ಪ್ರಶ್ನೆ ಸಹಜ. ಮೊಬೈಲ್ ಗೋಪುರಗಳು ಕರೆಂಟು ಹೋದ ಮೇಲೆ ಬ್ಯಾಟರಿಯಿಂದಲೋ ಡೀಸೆಲ್ ಜನರೇಟರಿನಿಂದಲೋ ನಡೆಯುತ್ತವೆ. ರಸ್ತೆ ಕಡಿದುಹೋಗಿ ಡೀಸೆಲ್ ತಲುಪದಿದ್ದರೆ ಗೋಪುರ ಒಂದೊಂದಾಗಿ ನಿಲ್ಲುತ್ತದೆ. ರೇಡಿಯೊ ಪ್ರಸಾರ ಹಾಗಲ್ಲ. ದೂರದ ಊರಿನ ಒಂದೇ ಪ್ರಸಾರಕ ಇಡೀ ಜಿಲ್ಲೆಯನ್ನು, ಕೆಲವೊಮ್ಮೆ ಹಲವು ಜಿಲ್ಲೆಗಳನ್ನು ಮುಟ್ಟುತ್ತದೆ, ಮತ್ತು ಕೇಳುವವರು ಎಷ್ಟೇ ಮಂದಿಯಾದರೂ ಅದು ಕಟ್ಟಿಕೊಳ್ಳುವುದಿಲ್ಲ. ಮೊಬೈಲಿನಲ್ಲಿಯೇ ಎಫ್.ಎಂ. ಇದ್ದರೆ ಒಳ್ಳೆಯದೇ, ಆದರೆ ಹಲವು ಹೊಸ ಫೋನ್‌ಗಳಲ್ಲಿ ಆ ಸೌಲಭ್ಯವನ್ನು ತೆಗೆದಿದ್ದಾರೆ. ಆಪತ್ತಿನ ಸಮಯದ ಉಪಯೋಗವನ್ನು ಎತ್ತಿ ಹೇಳಿ ಎಫ್.ಎಂ. ಉಳಿಸಿಕೊಳ್ಳುವಂತೆ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯವು 2023ರಲ್ಲಿ ಫೋನ್ ತಯಾರಕರಿಗೆ ಸೂಚಿಸಬೇಕಾಗಿ ಬಂದದ್ದು ಈ ಕಾರಣಕ್ಕೇ.

ನಿಮ್ಮ ಮನೆಯಲ್ಲಿ ಯಾವ ನಿಲಯ ಕೇಳಿಸುತ್ತದೆ?

ರೇಡಿಯೊ ಕೊಳ್ಳುವ ಮೊದಲು, ನೆಂಟರದೋ ನೆರೆಯವರದೋ ಹಳೆಯ ಸೆಟ್ ತಂದು ನಿಮ್ಮ ಮನೆಯೊಳಗೆ ಹಗಲಿನಲ್ಲಿ ಒಮ್ಮೆ, ರಾತ್ರಿ ಒಮ್ಮೆ ಹಚ್ಚಿ ನೋಡಿ. ಎಫ್.ಎಂ. ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಗುಡ್ಡದ ಮರೆಯಲ್ಲಿರುವ ಮನೆಗೆ ಸರಿಯಾಗಿ ತಲುಪುವುದಿಲ್ಲ; ಮಡಿಕೇರಿ ಆಕಾಶವಾಣಿಯ 103.1 ಮೆಗಾಹರ್ಟ್ಸ್ ದಿಣ್ಣೆಯ ಮೇಲಿನ ಮನೆಯಲ್ಲಿ ನಿಚ್ಚಳವಾಗಿದ್ದು, ಅದೇ ಊರಿನ ಕಣಿವೆಯ ಮನೆಯಲ್ಲಿ ಬರೀ ಸದ್ದಾಗಿರಬಹುದು. ಮೀಡಿಯಂ ವೇವ್ ಅಲೆಗಳು ನೆಲವನ್ನು ಹಿಡಿದು ಸಾಗುತ್ತವೆ, ರಾತ್ರಿಯಲ್ಲಿ ಮೇಲಿನ ವಾತಾವರಣದಿಂದ ಪ್ರತಿಫಲಿಸಿ ಇನ್ನೂ ದೂರ ಹೋಗುತ್ತವೆ. ಬೆಂಗಳೂರಿನ 612 ಕಿಲೋಹರ್ಟ್ಸ್, ಧಾರವಾಡದ 765 ಕಿಲೋಹರ್ಟ್ಸ್ ಕೇಂದ್ರಗಳನ್ನು ಬಹಳ ದೂರದ ಊರುಗಳವರು ಕೇಳುತ್ತ ಬಂದಿರುವುದು ಇದರಿಂದಲೇ. ಆಕಾಶವಾಣಿಯು ಕೆಲವು ಮೀಡಿಯಂ ವೇವ್ ಪ್ರಸಾರಗಳನ್ನು ನಿಲ್ಲಿಸಿ ಎಫ್.ಎಂ. ಕಡೆಗೆ ಸರಿಯುತ್ತಿರುವುದರಿಂದ, ಹಳೆಯ ನೆನಪನ್ನು ನಂಬದೆ ಕಿವಿಯಿಂದ ಕೇಳಿಯೇ ಖಚಿತಪಡಿಸಿಕೊಳ್ಳಬೇಕು. ಕರ್ನಾಟಕದಲ್ಲಿ ಇಂದಿಗೂ ನನ್ನ ಸಲಹೆ, ಎಫ್.ಎಂ. ಮತ್ತು ಮೀಡಿಯಂ ವೇವ್ ಎರಡೂ ಇರುವ ರೇಡಿಯೊವನ್ನೇ ಕೊಳ್ಳಿ ಎಂಬುದು. ಎಫ್.ಎಂ. ಮಾತ್ರ ಇರುವ ಅಗ್ಗದ ಮಾದರಿ ನಗರದವರಿಗೆ ಸಾಕಾಗಬಹುದು, ಗುಡ್ಡಗಾಡಿನವರಿಗೆ ಸಾಲದು.

ಇಲ್ಲಿ ಒಂದು ಸೂಕ್ಷ್ಮವಿದೆ. ಅಂತರ್ಜಾಲದಲ್ಲಿ ವಿದೇಶೀ ರೇಡಿಯೊ ತರಿಸುವವರು ಅದನ್ನು ಗಮನಿಸುವುದೇ ಇಲ್ಲ. ಭಾರತದಲ್ಲಿ ಮೀಡಿಯಂ ವೇವ್ ನಿಲಯಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ಇವೆ. ಅಮೆರಿಕದಲ್ಲಿ ಆ ಅಂತರ 10 ಕಿಲೋಹರ್ಟ್ಸ್. ಅಮೆರಿಕಕ್ಕೆಂದು ಮಾಡಿದ ಡಿಜಿಟಲ್ ರೇಡಿಯೊದಲ್ಲಿ ಗುಂಡಿ ಒತ್ತಿದರೆ ಅಂಕಿ 760ರಿಂದ ನೇರವಾಗಿ 770ಕ್ಕೆ ಜಿಗಿಯುತ್ತದೆ, ಧಾರವಾಡದ 765 ನಡುವೆಯೇ ಉಳಿದುಹೋಗುತ್ತದೆ. ಅಂತರವನ್ನು 9ಕ್ಕೆ ಬದಲಿಸಿಕೊಳ್ಳುವ ಸೌಲಭ್ಯ ಇದ್ದರೆ ಸರಿ, ಇಲ್ಲದಿದ್ದರೆ ಅಂಥದ್ದು ಬೇಡ. ಚಕ್ರ ತಿರುಗಿಸಿ ಮುಳ್ಳನ್ನು ಸರಿಸುವ ಹಳೆಯ ಬಗೆಯ ರೇಡಿಯೊಗಳಿಗೆ ಈ ತೊಡಕೇ ಇಲ್ಲ, ಮೇಲಾಗಿ ಅವು ವಿದ್ಯುತ್ತನ್ನೂ ಕಡಿಮೆ ಬಳಸುತ್ತವೆ.

‘ಡಬ್ಲ್ಯು.ಬಿ.’ ಎಂದು ಗುರುತು ಹಾಕಿದ ಹವಾಮಾನ ಬ್ಯಾಂಡ್ ಕುರಿತೂ ಎಚ್ಚರವಿರಲಿ. ಅದು ಅಮೆರಿಕ ಸರ್ಕಾರದ ಹವಾಮಾನ ಮತ್ತು ಸಾಗರ ಸಂಸ್ಥೆಯಾದ ನೋವಾ 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ಕಂಪನಾಂಕಗಳಲ್ಲಿ ನಡೆಸುವ ಪ್ರಸಾರ. ಭಾರತದಲ್ಲಿ ಸಾರ್ವಜನಿಕರಿಗಾಗಿ ಅಂಥ ಪ್ರಸಾರವಿಲ್ಲ, ಆದ್ದರಿಂದ ಆ ಗುಂಡಿಗಾಗಿ ಇಲ್ಲಿಯವರು ಹೆಚ್ಚು ಹಣ ಕೊಡಬೇಕಾಗಿಲ್ಲ. ನಮ್ಮಲ್ಲಿ ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಆಕಾಶವಾಣಿಯ ಸುದ್ದಿಗಳಲ್ಲಿಯೇ ಬರುತ್ತವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಾತು ಬೇರೆ: ಸುಂಟರಗಾಳಿ, ಚಂಡಮಾರುತಗಳ ಸೀಮೆಯಲ್ಲಿ ಈ ಬ್ಯಾಂಡ್ ಇರಲೇಬೇಕು, ಅದರ ಜೊತೆಗೆ ತಮ್ಮ ಕೌಂಟಿಗೆ ಎಚ್ಚರಿಕೆ ಬಂದಾಗ ಮಾತ್ರ ತಾನಾಗಿ ಕೂಗಿ ಎಬ್ಬಿಸುವ ‘ಸೇಮ್’ ಎಂಬ ಸೌಲಭ್ಯವಿರುವುದನ್ನು ಹುಡುಕಬೇಕು. ಹಿಡಿ ತಿರುಗಿಸುವ ಅಗ್ಗದ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ವಿದ್ಯುತ್ತಿನ ಲೆಕ್ಕ

ಮಾರಾಟಗಾರರ ಮಾತನ್ನು ಅಳೆಯಲು ಸರಳ ಲೆಕ್ಕ ಸಾಕು. ಸಣ್ಣ ರೇಡಿಯೊ ಮಧ್ಯಮ ದನಿಯಲ್ಲಿ ನಡೆಯಲು ಸುಮಾರು 0.3 ವ್ಯಾಟ್ ಬೇಕೆಂದು ಇಟ್ಟುಕೊಳ್ಳೋಣ. ಒಳಗೆ 3.7 ವೋಲ್ಟಿನ 2000 ಎಂ.ಎ.ಎಚ್. ಲಿಥಿಯಂ ಬ್ಯಾಟರಿ ಇದ್ದರೆ ಅದರಲ್ಲಿರುವುದು 7.4 ವ್ಯಾಟ್-ಗಂಟೆ. ನಷ್ಟಗಳನ್ನು ಕಳೆದರೂ ಸುಮಾರು 20 ಗಂಟೆ ರೇಡಿಯೊ ನಡೆಯುತ್ತದೆ. ಬೆಳಿಗ್ಗೆ, ಸಂಜೆ ಸುದ್ದಿಯ ಹೊತ್ತಿಗೆ ಮಾತ್ರ ಹಚ್ಚಿ ದಿನಕ್ಕೆ ಒಂದು ಗಂಟೆ ಕೇಳಿದರೆ, ಮಳೆ ಹಿಡಿಯುವ ಮೊದಲು ಗೋಡೆಯ ಪ್ಲಗ್ಗಿನಿಂದ ತುಂಬಿಸಿಟ್ಟ ಬ್ಯಾಟರಿಯೊಂದೇ ಎರಡು ವಾರಕ್ಕಿಂತ ಹೆಚ್ಚು ಬರುತ್ತದೆ. ಹೀಗಾಗಿ 2000 ಎಂ.ಎ.ಎಚ್.ಗಿಂತ ಕಡಿಮೆಯದನ್ನು ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಸೋಲಾರ್ ಫಲಕ. ಸ್ಕೇಲ್ ಹಿಡಿದು ಅಳತೆ ಮಾಡಿ. 10 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ ಇದ್ದರೆ ಅದರ ಮೇಲೆ ಬೇಸಿಗೆಯ ನಡುಹಗಲಿನಲ್ಲಿ ಬೀಳುವ ಬಿಸಿಲಿನ ಶಕ್ತಿಯೇ ಸುಮಾರು 4 ವ್ಯಾಟ್; ಅದರಲ್ಲಿ ವಿದ್ಯುತ್ತಾಗುವುದು 15ರಿಂದ 20 ಶೇಕಡಾ, ಎಂದರೆ 0.6ರಿಂದ 0.8 ವ್ಯಾಟ್. ಒಳ್ಳೆಯ ಬಿಸಿಲಿನಲ್ಲಿಯೂ ಮೇಲೆ ಹೇಳಿದ ಬ್ಯಾಟರಿ ತುಂಬಲು ಮೂರು ನಾಲ್ಕು ದಿನ ಬೇಕು. ಕಾರ್ಮೋಡದ ದಿನ ಇದರ ಹತ್ತನೆಯ ಒಂದು ಭಾಗ ಸಿಕ್ಕರೆ ಹೆಚ್ಚು. ರೇಡಿಯೊ ಬಳಸುವಷ್ಟು ವಿದ್ಯುತ್ತೂ ಆಗ ಹುಟ್ಟುವುದಿಲ್ಲ. ಇಷ್ಟು ಚಿಕ್ಕ ಫಲಕದಿಂದ ಫೋನ್ ಚಾರ್ಜ್ ಆಗುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ. ಹಾಗೆಂದು ಫಲಕ ವ್ಯರ್ಥವಲ್ಲ. ಕಪಾಟಿನಲ್ಲಿ ಸುಮ್ಮನಿದ್ದು ಸೊರಗುವ ಬ್ಯಾಟರಿಗೆ ಬೇಸಿಗೆಯಲ್ಲಿ ಆಗಾಗ ಜೀವ ತುಂಬಲು ಅದು ಚೆನ್ನಾಗಿ ನೆರವಾಗುತ್ತದೆ.

ಹಿಡಿಯ ಲೆಕ್ಕ ಇದಕ್ಕಿಂತ ಆಶಾದಾಯಕ. ನಿಮಿಷಕ್ಕೆ 120 ಸುತ್ತಿನಂತೆ ತಿರುಗಿಸಿದರೆ ಸಾಧಾರಣ ಸೆಟ್ಟಿನಲ್ಲಿ ಒಂದು, ಒಂದೂವರೆ ವ್ಯಾಟ್ ಹುಟ್ಟುತ್ತದೆ. ಒಂದು ನಿಮಿಷ ತಿರುಗಿಸಿದ್ದಕ್ಕೆ ಮೂರರಿಂದ ಐದು ನಿಮಿಷ ರೇಡಿಯೊ ಕೇಳಬಹುದು. ಮಳೆ, ಮೋಡ, ಕತ್ತಲೆ ಯಾವುದೂ ಇದನ್ನು ತಡೆಯುವುದಿಲ್ಲ. ಆದರೆ 5000 ಎಂ.ಎ.ಎಚ್. ಫೋನ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಹಿಡಿಸುವುದರಿಂದ, ಅದನ್ನು ಹಿಡಿಯಿಂದಲೇ ತುಂಬಿಸಹೊರಟರೆ ಬಿಡದೆ 12 ಗಂಟೆಗಿಂತ ಹೆಚ್ಚು ತಿರುಗಿಸಬೇಕಾಗುತ್ತದೆ. ಸತ್ತ ಫೋನಿನಿಂದ ಒಂದು ಚಿಕ್ಕ ಕರೆ ಮಾಡಿಕೊಳ್ಳುವುದಕ್ಕಷ್ಟೇ ಈ ದಾರಿ; ಫೋನಿಗೆ ಪ್ರತ್ಯೇಕ ಪವರ್ ಬ್ಯಾಂಕ್ ಇಟ್ಟುಕೊಳ್ಳುವುದು ಉತ್ತಮ.

ಇವೆಲ್ಲಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು, ಮೂರು ಪೆನ್ಸಿಲ್ ಸೆಲ್ ಹಾಕುವ ಗೂಡಿಗೆ. ಒಳಗಿನ ಬ್ಯಾಟರಿ ಕೆಲವು ವರ್ಷಗಳಲ್ಲಿ ದುರ್ಬಲವಾಗುವುದು ನಿಶ್ಚಿತ. ಆಗ ಹಳ್ಳಿಯ ಅಂಗಡಿಯಲ್ಲೂ ಸಿಗುವ ಸೆಲ್‌ಗಳಿಂದ ರೇಡಿಯೊ ನಡೆಯಬೇಕು. ಸೆಲ್ ಕೊಳ್ಳುವಾಗ ಆಲ್ಕಲೈನ್ ಜಾತಿಯದನ್ನು ಕೇಳಿ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ

ಹಿಡಿಯನ್ನು ಬಿಡಿಸಿ, ಒಂದು ಕೈಯಲ್ಲಿ ರೇಡಿಯೊ ಗಟ್ಟಿಯಾಗಿ ಹಿಡಿದು, ಒಂದು ನಿಮಿಷ ಪೂರ್ತಿ ತಿರುಗಿಸಿ. ಮೊದಲ ಹತ್ತು ಸುತ್ತಿನಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ; ಆಮೇಲೆ ನಿಜ ಗೊತ್ತಾಗುತ್ತದೆ. ಕೈಗೆ ಹದವಾದ, ಎಲ್ಲ ಕಡೆ ಒಂದೇ ಸಮನಾದ ತಡೆ ತಗಲಬೇಕು. ಒಂದು ಜಾಗದಲ್ಲಿ ಸಡಿಲವಾಗಿ ಮತ್ತೊಂದು ಜಾಗದಲ್ಲಿ ಕಚ್ಚಿಕೊಂಡರೆ, ಕಟಕಟ ಸದ್ದು ಬಂದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಗಾಲಿಗಳು ಬೇಗ ಸವೆಯುತ್ತವೆ. ತಡೆಯೇ ತಿಳಿಯದಿದ್ದರೆ ವಿದ್ಯುತ್ತೂ ಹುಟ್ಟುತ್ತಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಹಿಡಿ ರೇಡಿಯೊಗೆ ಸೇರುವ ಕೀಲನ್ನು ಹೆಬ್ಬೆರಳಿನಿಂದ ಅಲ್ಲಾಡಿಸಿ ನೋಡಿ. ಮೊದಲು ಮುರಿಯುವುದು ಆ ಜಾಗವೇ. ಹಿಡಿಯ ಗುಬ್ಬಿ ಬೆರಳುಗಳಿಗೆ ಸರಿಯಾಗಿ ಸಿಗುವಷ್ಟು ದಪ್ಪವಿರಬೇಕು, ಮನೆಯ ಹಿರಿಯರೂ ಮಕ್ಕಳೂ ತಿರುಗಿಸುವಂತಿರಬೇಕು.

ಆಮೇಲೆ ಮೀಡಿಯಂ ವೇವ್ ಹಚ್ಚಿ, ದನಿ ಕ್ಷೀಣವಾಗಿರುವ ನಿಲಯವೊಂದನ್ನು ಹಿಡಿದು, ರೇಡಿಯೊವನ್ನು ಮೇಜಿನ ಮೇಲೆ ನಿಧಾನವಾಗಿ ಸುತ್ತಿಸಿ. ಮೀಡಿಯಂ ವೇವ್‌ಗೆ ಏರಿಯಲ್ ಆಗಿ ಒಳಗಿರುವ ಫೆರೈಟ್ ಕಡ್ಡಿಗೆ ದಿಕ್ಕಿನ ಗುಣವಿರುವುದರಿಂದ ಒಂದು ಕೋನದಲ್ಲಿ ದನಿ ಏರಿ, ಇನ್ನೊಂದು ಕೋನದಲ್ಲಿ ಇಳಿಯಬೇಕು. ಅಂಗಡಿಯ ಎಲ್‌ಇಡಿ ದೀಪ, ಚಾರ್ಜರ್‌ಗಳಿಂದ ಗರಗರ ಸದ್ದು ಬರುವುದು ಸಹಜ, ಆದ್ದರಿಂದ ಬಾಗಿಲ ಬಳಿ ತಂದು ಕೇಳುವುದು ನ್ಯಾಯ. ಎಫ್.ಎಂ.ಗೆ ಬೇಕಾದ ಎಳೆಯುವ ಏರಿಯಲ್ ಬುಡದಲ್ಲಿ ಸಡಿಲವಾಗಿರಬಾರದು.

ಹಿಂಬದಿಯ ಮುಚ್ಚಳ ತೆರೆದು ಬ್ಯಾಟರಿ ನೋಡಲು ಅವಕಾಶ ಕೇಳಿ. 18650 ಎಂದು ಬರೆದ ಉರುಳೆಯಾಕಾರದ ಸೆಲ್ ಇದ್ದು ಅದನ್ನು ಕೈಯಿಂದ ತೆಗೆದು ಬದಲಿಸುವಂತಿದ್ದರೆ ಆ ರೇಡಿಯೊ ದೀರ್ಘಕಾಲ ಬಾಳುತ್ತದೆ. ಬೆಸುಗೆ ಹಾಕಿದ ಬ್ಯಾಟರಿಯಾದರೆ ಊರಿನ ರಿಪೇರಿಯವರು ಬದಲಿಸಬಲ್ಲರೇ ಎಂದು ಯೋಚಿಸಿ. ಲಿಥಿಯಂ ಬ್ಯಾಟರಿಗೆ ಭಾರತೀಯ ಮಾನಕ ಬ್ಯೂರೊದ ಐ.ಎಸ್. 16046 ಗುರುತು ಇದೆಯೇ ನೋಡಿ. ನೀರಿನ ವಿಷಯಕ್ಕೆ ಬಂದರೆ, ಐ.ಪಿ.ಎಕ್ಸ್.4 ಎಂದರೆ ಎಲ್ಲ ದಿಕ್ಕಿನಿಂದ ಎರಚುವ ನೀರನ್ನು ತಾಳುತ್ತದೆ ಎಂದರ್ಥ, ಮುಳುಗಿದರೆ ಉಳಿಯುತ್ತದೆ ಎಂದಲ್ಲ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಬಿಗಿಯಾಗಿ ಕೂರಬೇಕು. ಸೈರನ್, ದಿಕ್ಸೂಚಿ, ಬ್ಲೂಟೂತ್ ಇವೆಲ್ಲ ಆಯ್ಕೆಯನ್ನು ನಿರ್ಧರಿಸದಿರಲಿ; ಟಾರ್ಚ್ ಮಾತ್ರ ನಿಜಕ್ಕೂ ಉಪಯುಕ್ತ.

ತಂದ ಮೇಲೆ

ಬ್ಯಾಟರಿಯನ್ನು ಪೂರ್ತಿ ಬರಿದಾಗಲು ಬಿಡಬೇಡಿ. ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಮೇ ಕೊನೆಯ ವಾರದಲ್ಲಿ ತಪ್ಪದೆ ತುಂಬಿಸಿ. ಬಿಸಿಲಿಗಿಡುವಾಗ ಬೆಳಗಿನ ಎಳೆಬಿಸಿಲು, ಹತ್ತು ಗಂಟೆಯೊಳಗಿನ ಹೊತ್ತು ಸಾಕು. ಫಲಕಕ್ಕೆ ಬಿಸಿಲು ಬೇಕು, ಅದರ ಕೆಳಗಿನ ಲಿಥಿಯಂ ಬ್ಯಾಟರಿಗೆ ಬಿಸಿ ಆಗದು. 45 ಡಿಗ್ರಿ ಸೆಲ್ಸಿಯಸ್ ದಾಟಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ತಾರಸಿಯ ಮೇಲೋ ಕಾರಿನ ಗಾಜಿನ ಹಿಂದೆಯೋ ನಡುಹಗಲಿನಲ್ಲಿ ಆ ಬಿಸಿ ಸುಲಭವಾಗಿ ಮುಟ್ಟುತ್ತದೆ. ಪೆನ್ಸಿಲ್ ಸೆಲ್‌ಗಳನ್ನು ಗೂಡಿನಲ್ಲಿ ಬಿಡದೆ ಪ್ರತ್ಯೇಕ ಇಡಿ, ಸೋರಿದರೆ ತಗಡಿನ ಸಂಪರ್ಕಗಳನ್ನು ತಿಂದುಹಾಕುತ್ತವೆ. ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯದಂತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಒಳ್ಳೆಯದು. ಹಿಡಿಯನ್ನು ತಿಂಗಳಿಗೊಮ್ಮೆ ಒಂದೆರಡು ನಿಮಿಷ ತಿರುಗಿಸುತ್ತಿದ್ದರೆ ಕೀಲು ಬಿಗಿಯುವುದಿಲ್ಲ.

ನಿಮ್ಮ ಮನೆಯಲ್ಲಿ ಕೇಳಿಸುವ ನಿಲಯಗಳ ಕಂಪನಾಂಕ ಮತ್ತು ಸುದ್ದಿಯ ಹೊತ್ತುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ರೇಡಿಯೊದ ಬೆನ್ನಿಗೆ ಅಂಟಿಸಿ, ಅದರ ಮೇಲೆ ನೀರು ತಾಗದ ಟೇಪ್ ಹಾಕಿ. ಮೀಡಿಯಂ ವೇವ್ ಯಾವ ಗೋಡೆಯ ಕಡೆಗೆ ತಿರುಗಿಸಿದರೆ ಚೆನ್ನಾಗಿ ಕೇಳಿಸುತ್ತದೆ ಎಂಬುದನ್ನೂ ಅದರಲ್ಲಿ ಬರೆಯಿರಿ. ನೀವು ಊರಿನಲ್ಲಿ ಇಲ್ಲದ ದಿನ ಮನೆಯಲ್ಲಿರುವವರು ಕತ್ತಲೆಯಲ್ಲಿ ಟಾರ್ಚ್ ಬೆಳಕಿನಲ್ಲಿಯೇ ಓದಿಕೊಂಡು ನಿಲಯ ಹಚ್ಚಬಲ್ಲರು.