ಯೂರೋಪಿನಲ್ಲಿ ದುಡಿಯುವ ಹೆಂಡತಿ ಹತ್ತಿರ ಹೋಗಲು ವೀಸಾ: ಕೊನೆಗೆ ಕೆಲಸಕ್ಕೆ ಬಂದ ದಾರಿ

ನನ್ನದು ಕಾರವಾರ. ಹೆಂಡತಿ ಗೋವಾದವಳು, ಪೋರ್ಚುಗಲ್ ಪಾಸ್‌ಪೋರ್ಟ್ ಇದೆ, ಕೆಲಸ ನೆದರ್ಲ್ಯಾಂಡ್ಸ್‌ನಲ್ಲಿ. ನನ್ನ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಅಲ್ಪಾವಧಿ ವೀಸಾ) ಎರಡು ಸಲ ತಿರಸ್ಕಾರವಾಯಿತು. ಹಣ ಸಾಲದು, ವಾಪಸ್ ಬರುವ ನಂಬಿಕೆ ಇಲ್ಲ ಅಂತ ಕಾರಣ.

ಬ್ಯಾಂಕ್ ಸ್ಟೇಟ್‌ಮೆಂಟ್, ಹೋಗಿಬರುವ ಟಿಕೆಟ್, ಇನ್ಶೂರೆನ್ಸ್, ಅಪ್ಪನ ಜಮೀನಿನ ಪಹಣಿ ಎಲ್ಲ ಇಟ್ಟೆ. ಯಾವುದೂ ನಡೆಯಲಿಲ್ಲ, ಸುಮ್ನೆ ದುಡ್ಡು ದಂಡ.

ತಪ್ಪಿದ್ದದ್ದು ಫಾರಂನಲ್ಲೇ. ನಾನು ಮಾಮೂಲಿ ಪ್ರವಾಸಿಯ ಹಾಗೆ ತುಂಬಿದ್ದೆ. ಆದರೆ ಯೂರೋಪಿಯನ್ ಒಕ್ಕೂಟದ ಪ್ರಜೆ ತನ್ನ ದೇಶ ಬಿಟ್ಟು ಇನ್ನೊಂದು ಸದಸ್ಯ ದೇಶದಲ್ಲಿ ದುಡಿಯುತ್ತಿದ್ದರೆ, ಒಕ್ಕೂಟದ 2004/38 ನಿರ್ದೇಶನದ (ಸದಸ್ಯ ದೇಶಗಳೆಲ್ಲ ಪಾಲಿಸಬೇಕಾದ ಕಾನೂನು) ಪ್ರಕಾರ ಗಂಡನಿಗೂ ಜೊತೆಗಿರುವ ಹಕ್ಕಿದೆ. ಪೋರ್ಚುಗಲ್, ನೆದರ್ಲ್ಯಾಂಡ್ಸ್ ಎರಡೂ ಸದಸ್ಯ ದೇಶಗಳೇ. ಅವಳ ಕೆಲಸ ಪೋರ್ಚುಗಲ್‌ನಲ್ಲೇ ಇದ್ದಿದ್ದರೆ ಈ ದಾರಿ ಸಿಗುತ್ತಿರಲಿಲ್ಲ. ಇದನ್ನು ಮೊದಲು ನೋಡಿಕೊಳ್ಳಿ.

ಮೂರನೇ ಸಲ ಫಾರಂನ 17ನೇ ಕಾಲಂನಲ್ಲಿ ಅವಳ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಬರೆದೆ. 18ರಲ್ಲಿ ‘ಸ್ಪೌಸ್’ಗೆ ಗುರುತು. ನಕ್ಷತ್ರ ಚಿಹ್ನೆ ಇರುವ ಕಾಲಂಗಳು, ಅಂದರೆ ಉದ್ಯೋಗ, ಆಹ್ವಾನಿಸಿದವರು, ಖರ್ಚಿನ ವಿವರ, ಎಲ್ಲ ಖಾಲಿ. ಇಂಥ ಪ್ರಜೆಯ ಕುಟುಂಬದವರು ಅವನ್ನು ತುಂಬಬಾರದು ಅಂತ ಫಾರಂನಲ್ಲೇ ಸಣ್ಣ ಅಕ್ಷರದಲ್ಲಿದೆ.

ಕಾಗದ ಜೋಡಿಸಿದ ಕ್ರಮ: ನನ್ನ ಪಾಸ್‌ಪೋರ್ಟ್, ಅಪೊಸ್ಟಿಲ್ (ವಿದೇಶದಲ್ಲಿ ನಡೆಯಲು ಸರ್ಕಾರ ಹಾಕುವ ದೃಢೀಕರಣ) ಆದ ಮದುವೆ ಪ್ರಮಾಣಪತ್ರ, ಅವಳ ಪಾಸ್‌ಪೋರ್ಟ್ ಪ್ರತಿ, ಕಂಪನಿಯ ಪತ್ರ, ಅಲ್ಲಿನ ವಿಳಾಸ ನೋಂದಣಿ. ಮೇಲೆ ಒಂದು ಪತ್ರ: ‘2004/38 ನಿರ್ದೇಶನದ 5(2)ನೇ ವಿಧಿಯಡಿ ಅರ್ಜಿ, ವೀಸಾ ಶುಲ್ಕವಿಲ್ಲ.’ ಕೌಂಟರ್‌ನಲ್ಲಿ ಇನ್ಶೂರೆನ್ಸ್ ಕೇಳಿದರು. ಕುಟುಂಬದವರಿಗೆ ಅದು ಬೇಡ ಅಂದೆ, ಅರ್ಜಿ ತೆಗೆದುಕೊಂಡರು.

ವೀಸಾ ಬಂತು. ಅಲ್ಲಿ ಇಳಿದ ಮೇಲೆ ಮೂರು ತಿಂಗಳಿಗಿಂತ ಜಾಸ್ತಿ ಇರಲು ಅದೇ ನಿರ್ದೇಶನದ 10ನೇ ವಿಧಿಯ ರೆಸಿಡೆನ್ಸ್ ಕಾರ್ಡ್‌ಗೆ (ವಾಸದ ಪರವಾನಗಿ ಚೀಟಿ) ಇದೇ ಕಾಗದಗಳನ್ನು ಕೊಟ್ಟೆ.