ಪಟ್ಟೋ ಲೈಬ್ರರಿಗೆ ಮಕ್ಕಳನ್ನು ಕರ್ಕೊಂಡು ಹೋಗುವವರಿಗೆ

ಗೋವಾದಲ್ಲಿರುವ ನಮ್ಮ ಕನ್ನಡದ ಅಪ್ಪ-ಅಮ್ಮಂದಿರಿಗೆ ಒಂದು ಸಲಹೆ. ರಜೆ ಬಂದರೆ ಮಕ್ಕಳ ಕೈಯಲ್ಲಿ ಮೊಬೈಲೇ ಜಾಸ್ತಿ, ಅಲ್ವಾ? ಪಣಜಿಯ ಪಟ್ಟೋದಲ್ಲಿರುವ ಕೃಷ್ಣದಾಸ್ ಶಾಮಾ ಗೋವಾ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. 1832ರಲ್ಲಿ ಶುರುವಾದದ್ದು. ಕದಂಬ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು.

ಸುಮ್ನೆ ಹೋಗಿ ಕೂರಿಸಬೇಡಿ. ಮೊದಲು ನೋಟಿಸ್ ಬೋರ್ಡ್ ನೋಡಿ, ಕೌಂಟರಿನಲ್ಲಿ ವಿಚಾರಿಸಿ: ಕತೆ ಹೇಳುವಂಥ ಮಕ್ಕಳ ಕಾರ್ಯಕ್ರಮ ಇದೆಯಾ, ಯಾವ ವಯಸ್ಸಿನವರಿಗೆ, ಯಾವ ಭಾಷೆಯಲ್ಲಿ, ಹೆಸರು ಮೊದಲೇ ಬರೆಸಬೇಕಾ? ಭಾಷೆ ಕೇಳುವುದು ಮುಖ್ಯ. ಕೊಂಕಣಿ ಕತೆ ಆದರೂ ಚಿಕ್ಕವರನ್ನು ಕೂರಿಸಿ, ಚಿತ್ರ ನೋಡುತ್ತಾ ಬೇಗ ಹಿಡಿದುಕೊಳ್ಳುತ್ತಾರೆ.

ಒಂಬತ್ತು-ಹತ್ತನೇ ಕ್ಲಾಸಿನವರದ್ದೇ ಬೇರೆ ಕತೆ. ಪುಟಾಣಿಗಳ ಜೊತೆ ಚಾಪೆ ಮೇಲೆ ಕೂರಿಸಿದರೆ ಮುಖ ಊದಿಸಿಕೊಳ್ಳುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಅವರಿಗೆ ಕೆಲಸ ಕೊಡಿಸಿ. ಚಿಕ್ಕವರಿಗೆ ಕತೆ ಓದಿ ಹೇಳಬಹುದಾ, ಪೋಸ್ಟರ್ ಬರೆಯಬಹುದಾ ಅಂತ ಅವರೇ ಹೋಗಿ ಸಿಬ್ಬಂದಿಯನ್ನು ಕೇಳಲಿ. ನೀವು ಹಿಂದೆ ನಿಲ್ಲಿ ಸಾಕು.

ಆಗಸ್ಟ್ 12 ಗ್ರಂಥಪಾಲಕರ ದಿನ, ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ. ಲೈಬ್ರರಿಗಳಲ್ಲಿ ಕಾರ್ಯಕ್ರಮ ನಡೆಯುವುದು ಹೆಚ್ಚಾಗಿ ಆಗಲೇ. ಒಂದು ವಾರ ಮುಂಚೆ ವಿಚಾರಿಸಿದರೆ ಒಳ್ಳೆಯದು. ವಾಸ್ಕೋ, ಮಡಗಾಂವ್ ಕಡೆಯವರು ನಾಲ್ಕೈದು ಮನೆಯವರು ಸೇರಿ ಹೊರಟರೆ ಮಕ್ಕಳಿಗೂ ಜೊತೆ ಸಿಗುತ್ತದೆ.